ನೆಟ್ ಬರ್ತಿಲ್ಲ ಅಂದವರ ಮನೆಗಳಲ್ಲಿ

ಬಿ.ಎಸ್ಸಿ. ಮುಗಿಸಿ ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿ ಸೇರಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ನನ್ನ ಪಾಲಿಗೆ. ನೆಟ್‌ವರ್ಕ್ ಪಾಠ ಕಾಲೇಜಿನಲ್ಲಿ ಮುಗಿದಿತ್ತು; ಗಿರಾಕಿಗಳ ಮನೆಯಲ್ಲಿ ಮುಗಿಯುವ ಲಕ್ಷಣವಿಲ್ಲ. ತಿಂಗಳ ದೂರುಗಳೆಲ್ಲ ಮುಗಿದರೆ ಕೆಲಸ ಕಾಯಂ, ಒಂದು ಉಳಿದರೂ ಟ್ರೈನಿಯೇ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ವೈ-ಫೈ

ಹೊಸನಗರದ ದಿನಸಿ ಅಂಗಡಿಯವರ ದೂರು: ಗುಡುಗಿದಾಗಲೆಲ್ಲ ನೆಟ್ ಹೋಗುತ್ತದೆ. ಕಂಬ ಹತ್ತಿ ನೋಡಿದೆ. ಕೇಬಲ್ ಸರಿಯಿತ್ತು.

"ಗುಡುಗಿದಾಗ ನೀವೇನು ಮಾಡ್ತೀರಿ?"

"ಎಂತ ಮಾಡೋದು? ಸಿಡಿಲಿಗೆ ಸುಟ್ಟು ಹೋಗ್ತದೆ ಅಂತ ರೂಟರಿನ ವೈರೆಲ್ಲ ಕಿತ್ತಿಡ್ತೀನಿ."

"ಕಿತ್ತ ಮೇಲೆ ನೆಟ್ ಹೇಗೆ ಬರ್ತದೆ?"

"ವೈ-ಫೈಗೆ ವೈರೇ ಬೇಡ ಅಂತ ನೀವೇ ಅಲ್ವಾ ಹೇಳಿ ಮಾರಿದ್ದು?"

ಬ್ಯಾಂಡ್‌ವಿಡ್ತ್

ಸಾಗರದಲ್ಲಿ, ಇಕ್ಕೇರಿ ರಸ್ತೆಯ ಮನೆಯೊಂದರ ಯಜಮಾನರಿಗೆ ಸ್ಪೀಡ್ ಸಾಲದು. ಪಾಸ್‌ವರ್ಡ್ ಹೊರಗಿನವರಿಗೆ ಗೊತ್ತೇ ಎಂದು ಕೇಳಿದೆ.

"ಛೆ, ಯಾರಿಗೂ ಕೊಟ್ಟಿಲ್ಲ. ಎದುರು ಬಸ್ ಸ್ಟಾಪಿನಲ್ಲಿ ಕಾಯೋರಿಗೆ ಮಾತ್ರ. ಪಾಪ, ಬೇಜಾರಲ್ವಾ?"

ಬ್ಯಾಂಡ್‌ವಿಡ್ತ್ ಎಂದರೆ ನಲ್ಲಿಯ ಪೈಪಿನ ಹಾಗೆ, ಊರೆಲ್ಲ ಹಿಡಿದರೆ ನಿಮಗೆ ಹನಿಯೇ ಗತಿ ಎಂದು ವಿವರಿಸಿದೆ. ಅವರು ಗಂಭೀರವಾಗಿ ಕೇಳಿದರು.

"ನೀರಾಗಿದ್ರೆ ನಾವು ಯಾರಿಗಾದ್ರೂ ಕೊಡ್ತಿದ್ವಾ ಮಾರಾಯ?"

ರೀಸ್ಟಾರ್ಟ್

ತಿಂಗಳ ಕೊನೆಯ ದಿನ ಉಳಿದದ್ದು ಒಂದೇ ದೂರು, ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆ ಕಡೆಯ ಮನೆ. ಇದೊಂದು ಮುಗಿದರೆ ನಾನು ಕಾಯಂ. ಬಾಗಿಲು ತೆಗೆದದ್ದು ಅಜ್ಜಿ. ರೂಟರ್ ದೇವರ ಕೋಣೆಯಲ್ಲಿತ್ತು. ಅಲ್ಲಾದರೆ ಮೊಮ್ಮಕ್ಕಳು ಕೈ ಹಾಕುವುದಿಲ್ಲವಂತೆ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸಾಕಮ್ಮ."

"ಮಾಡು. ಸ್ನಾನ ಮಾಡ್ಕೊಂಡು ಬಂದು ಮಾಡು."

ಕಾಯಂ ಕೆಲಸದ ಮುಖ ನೋಡಿ ಬಚ್ಚಲಿಗೆ ಹೋದೆ. ಅವರೇ ಕೊಟ್ಟ ಪಂಚೆ ಉಟ್ಟು, ಒದ್ದೆ ತಲೆಯಲ್ಲಿ ದೇವರ ಮುಂದೆ ಕೂತು ಸ್ವಿಚ್ ಒತ್ತಿದೆ. ಕೆಂಪು ದೀಪ ಹೋಗಿ ಹಸಿರು ಬಂತು. ಅಜ್ಜಿ ಕೈ ಮುಗಿದರು, ನನಗಲ್ಲ.

"ಅಮ್ಮ, ನಿಮ್ಮ ಮೊಬೈಲಿಗೊಂದು ಓಟಿಪಿ ಬಂದಿದೆ. ಅದನ್ನ ಹೇಳಿದ್ರೆ ದೂರು ಮುಗೀತು."

"ಓಟಿಪಿ ಯಾರಿಗೂ ಹೇಳಬಾರ್ದು ಅಂತ ಟಿವಿಲಿ ಹೇಳ್ತಾರೆ."

"ನಾನು ಕಂಪನಿಯವ್ನೇ ಅಮ್ಮ."

"ಕಳ್ರೂ ಹಂಗೇ ಹೇಳ್ತಾರಂತೆ."

"ದೇವರ ಕೋಣೆ ಒಳಗೇ ಬಿಟ್ರಿ, ಒಂದು ನಂಬರ್ ಹೇಳೋಕೆ ಎಂತ?"

"ದೇವ್ರು ತನ್ನನ್ನ ತಾನು ನೋಡ್ಕೊಳ್ತಾನೆ. ಬ್ಯಾಂಕಿನ ದುಡ್ಡು ನಾನೇ ನೋಡ್ಕೊಬೇಕಲ್ಲ."

ಟ್ರೈನಿಯಾಗಿಯೇ ವಾಪಸ್ ಬಸ್ ಹತ್ತಿದೆ. ಮೈ ಮಾತ್ರ ಶುದ್ಧವಾಗಿತ್ತು.