ಚನ್ನಾಜಮ್ಮನ ಭಾಷಣ, ಪುಟ್ಟಮಲ್ಲಪ್ಪನ ಲ್ಯಾಪ್‌ಟಾಪ್

ಗುಂಡಿ ಒತ್ತಿದರೆ ಹತ್ತಬೇಕಾದ ಹಸಿರು ದೀಪ ಹತ್ತಲಿಲ್ಲ. ಪುಟ್ಟಮಲ್ಲಪ್ಪ ಇನ್ನೊಮ್ಮೆ ಒತ್ತಿದರು. ಲ್ಯಾಪ್‌ಟಾಪು ಮೇವು ತಿಂದು ಮಲಗಿದ ಎಮ್ಮೆಯಂತೆ ಮಿಸುಕಲಿಲ್ಲ.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಅವತ್ತು ಅವರ ಹೆಂಡತಿ ಚನ್ನಾಜಮ್ಮ ಆನ್‌ಲೈನ್ ಸಭೆಯಲ್ಲಿ ಮಾತಾಡುವುದಿತ್ತು. ನಾಟಿ ರಾಗಿ, ಅವರೆ ಬೀಜಗಳಿಗೆ ಬೂದಿ ಬೆರೆಸಿ ಹುಳ ಬೀಳದಂತೆ ಕಾಪಾಡಿಕೊಂಡು ಬಂದ ಹೆಂಗಸು. ಅವರ ಮಾತು ಕೇಳಲು ಯಾವ್ಯಾವುದೋ ಜಿಲ್ಲೆಗಳ ರೈತರು ಸೇರುವವರಿದ್ದರು. ಪುಟ್ಟಮಲ್ಲಪ್ಪ ಹೆಮ್ಮೆ ತಡೆಯಲಾರದೆ ಲೊಕ್ಕನಹಳ್ಳಿಯ ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಈ ಸುದ್ದಿ ಹಂಚಿದ್ದರು. ಫೋನಿನಲ್ಲೇ ಮಾತಾಡುತ್ತೇನೆಂದ ಹೆಂಡತಿಯನ್ನು ಗದರಿಯೂ ಇದ್ದರು.

"ಅಂಗೈಯಗಲದ ಫೋನ್ನಾಗೆ ನೀನು ಯಾರ್ಗೆ ಕಂಡೀಯಮ್ಮಿ? ನನ್ ಲ್ಯಾಪ್‌ಟಾಪ್ ಮುಂದ್ಕೆ ಕೂತ್ಕೊ. ಡಿಸಿ ಮೇಡಂ ಕಂಡಂಗೆ ಕಾಣ್ತೀಯ."

ಹನೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಕೊಂಡ ಲ್ಯಾಪ್‌ಟಾಪು ಅದು. ಒಂದು ಸಲವೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿಸಿಲ್ಲ ಎಂಬುದು ಅವರ ಇನ್ನೊಂದು ಹೆಮ್ಮೆ.

ಭಾಷಣ ನೋಡಲು ಮೊದಲು ಬಂದವರು ಪಕ್ಕದ ಮನೆಯ ವೃಷಭೇಂದ್ರಪ್ಪ. ಪಂಪ್‌ಸೆಟ್ ಮೋಟಾರು ಬಿಚ್ಚಿ ಕಟ್ಟುವುದರಲ್ಲಿ ಪಳಗಿದ ಕೈ. ಕರೆಂಟೇ ಬರುತ್ತಿಲ್ಲವೆಂದು ತೀರ್ಪು ಕೊಟ್ಟು ಚಾರ್ಜರನ್ನು ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ದೇವರ ಮನೆಗೆ ಮೆರವಣಿಗೆ ಮಾಡಿಸಿದರು. ಎಲ್ಲ ಕಡೆಯೂ ಕರೆಂಟಿತ್ತು. ಹಿಂದಿನ ಬೀದಿಯ ಜಡೆಮ್ಮ ಬಂದು, ಥಂಡಿ ಹಿಡಿದಿರಬೇಕೆಂದು ಹೇಳಿ ಬ್ಯಾಟರಿಯನ್ನು ಕಳಚಿ ಹಿತ್ತಲಿನಲ್ಲಿ ಬಿಸಿಲಿಗಿಟ್ಟರು. ಅದನ್ನು ಮೇಕೆಯೊಂದು ನೆಕ್ಕತೊಡಗಿದಾಗ ಪುಟ್ಟಮಲ್ಲಪ್ಪ ಪಂಚೆ ಎತ್ತಿಕೊಂಡು ಓಡಬೇಕಾಯಿತು.

ಅವರು ವಾಪಸು ಬರುವಷ್ಟರಲ್ಲಿ ವೃಷಭೇಂದ್ರಪ್ಪ ತಳದ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಮೋಟಾರಿನ ದೂಳು ಹೊಡೆಯುವ ಬ್ಲೋಯರ್ ಚಾಲೂ ಮಾಡಿದ್ದರು. ಒಳಗಿನ ದೂಳು ರಾಗಿ ತೂರುವ ಕಣದಲ್ಲಿಯಂತೆ ಮನೆ ತುಂಬಿತು. ಜೊತೆಗೆ ಎರಡು ಜಿರಳೆಗಳೂ ಹಾರಿದವು. ಜಡೆಮ್ಮ ಮಂಚ ಹತ್ತಿ ನಿಂತರು.

ಆ ದೂಳಿನ ನಡುವೆ ಪುಟ್ಟಮಲ್ಲಪ್ಪನವರಿಗೆ ಕಚೇರಿಯ ಹಳೆಯ ಉಪಾಯವೊಂದು ನೆನಪಾಯಿತು. ಎಲ್ಲರನ್ನೂ ಪಕ್ಕಕ್ಕೆ ಸರಿಸಿದರು. ತಳ ಮುಚ್ಚಿ, ಬ್ಯಾಟರಿ, ವೈರು ಎರಡನ್ನೂ ದೂರವಿಟ್ಟು, ಗುಂಡಿಯನ್ನು ಒತ್ತಿ ಹಿಡಿದೇ ಕೂತರು. ಒಳಗುಳಿದ ಕರೆಂಟು ಇಳಿಯಲಿ ಎಂದು. ಆಮೇಲೆ ಬ್ಯಾಟರಿ ಕೂರಿಸಿ, ವೈರು ಸಿಕ್ಕಿಸಿ, ಮಹದೇಶ್ವರನನ್ನು ನೆನೆದು ಮತ್ತೆ ಒತ್ತಿದರು.

ಹಸಿರು ದೀಪ ಹತ್ತಿತು. ಪರದೆ ಬೆಳಗಿತು. ಮೂರು ಸ್ಕ್ರೂ ಮೇಜಿನ ಮೇಲೇ ಉಳಿದಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪುಟ್ಟಮಲ್ಲಪ್ಪ ಕುಸ್ತಿ ಗೆದ್ದವರಂತೆ ಎದೆಯುಬ್ಬಿಸಿ ಹೆಂಡತಿಯನ್ನು ಕೂಗಿದರು. ಒಳಗೆಲ್ಲೂ ಚನ್ನಾಜಮ್ಮ ಇರಲಿಲ್ಲ.

ಬಾಗಿಲಿಗೆ ಬಂದು ನೋಡಿದರೆ ಜಗಲಿಯ ಮೇಲೆ, ಕಂಬಕ್ಕೆ ಒರಗಿಸಿದ ಫೋನಿನ ಮುಂದೆ ಕೂತಿದ್ದರು. ಬೀಜಕ್ಕೆ ಔಷಧಿ ಹೊಡೆದರೆ ಸಾಲದೇ ಎಂದು ಫೋನಿನೊಳಗಿಂದ ಯಾರೋ ಕೇಳಿದರು. ಚನ್ನಾಜಮ್ಮ ಸ್ವಲ್ಪವೂ ತಡವರಿಸಲಿಲ್ಲ.

"ಮಕ್ಳಿಗೆ ಉಣ್ಣಾಕಿಕ್ಕೋ ಬೀಜ ಸಾರ್ ಅದು. ಬೂದಿ ಸಾಕು."

ಫೋನಿನಿಂದ ಚಪ್ಪಾಳೆಯೋ ಚಪ್ಪಾಳೆ. ಫೋನು ಕಂಡು ಪುಟ್ಟಮಲ್ಲಪ್ಪನವರಿಗೆ ಸಿಟ್ಟೇ ಬಂದಿತ್ತು, ಆದರೆ ಈಗ ತಾವೂ ಚಪ್ಪಾಳೆ ತಟ್ಟಿದರು. ಇಂಥ ಮಾತುಗಾತಿಯ ಗಂಡ ತಾನು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಚನ್ನಾಜಮ್ಮ ಫೋನು ಆರಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

"ನನ್ ಹಿಂದ್ಗಡೆ ಬಾಗ್ಲು ತೆಗ್ದಿತ್ತು, ಹಿತ್ಲುಗಂಟ ಕಾಣ್ತಿತ್ತು ಕಣ್ರಿ. ನೀವು ಮೇಕೆ ಹಿಂದೆ ಓಡಿದ್ದು, ದೂಳೆಬ್ಬಿಸಿದ್ದು, ಗುಂಡಿ ಹಿಡ್ಕಂಡು ಕೂತಿದ್ದು, ಸಭೇಲಿದ್ದೋರೆಲ್ಲಾ ನೋಡವ್ರೆ."

ಪುಟ್ಟಮಲ್ಲಪ್ಪನವರ ಮುಖ ಬಿಳಿಚಿಕೊಂಡಿತು.

"ಕೊನೇಗೆ ದೀಪ ಹತ್ತಿದ್ದೂ ಕಂಡೈತೆ. ಹಳೇ ಲ್ಯಾಪ್‌ಟಾಪ್ ರಿಪೇರಿ ಬಗ್ಗೆ ಬರೋ ವಾರ ನೀವೇ ಪಾಠ ಮಾಡ್ಬೇಕಂತೆ."

ಪುಟ್ಟಮಲ್ಲಪ್ಪನವರ ಎದೆ ಮತ್ತೆ ಉಬ್ಬಿತು. ಗತ್ತಿನಿಂದ ಒಳಗೆ ನಡೆದು ಲ್ಯಾಪ್‌ಟಾಪಿನ ಮುಂದೆ ಕೂತರು. ಪರದೆ ಕಪ್ಪಾಗಿತ್ತು. ಗುಂಡಿ ಒತ್ತಿದರು, ಹಿಡಿದರು, ಮತ್ತೆ ಒತ್ತಿದರು. ಹಸಿರು ದೀಪದ ಸುಳಿವಿಲ್ಲ. ವೃಷಭೇಂದ್ರಪ್ಪ ಸದ್ದಿಲ್ಲದೆ ಬ್ಲೋಯರಿಗೆ ಕೈ ಹಾಕಿದರು.

ಪುಟ್ಟಮಲ್ಲಪ್ಪ ತಲೆ ಎತ್ತಿಯೇ ಹೊರಗೆ ಬಂದರು.

"ಪಾಠ ಮಾಡ್ತಾರೆ ಅಂತ ಹೇಳ್ಬುಡು," ಎಂದರು ಹೆಂಡತಿಗೆ. "ಆದ್ರೆ ಅವತ್ತು ನಿನ್ ಫೋನ್ ನಂಗೆ ಕೊಡ್ಬೇಕು."