ತಲೆ ತಗ್ಗಿಸಿದ ಉಕ್ಕು

ಹೋದ ವರ್ಷ ಲೋವೆಲ್ ಪ್ರೂಯಿಟ್ ಹಳೇ ಟ್ರ್ಯಾಕ್ಟರಿನ ತಗಡೊಂದನ್ನು ಗುರಿಯೆಂದು ನೇತುಹಾಕದೆ ಇದ್ದಿದ್ದರೆ ಪಂದ್ಯ ನೋಡುತ್ತ ಹಿಂದೆ ಕೂತಿದ್ದ ವರ್ನಮ್ಮನ ಕಾಫಿ ಫ್ಲಾಸ್ಕಿಗೆ ತೂತು ಬೀಳುತ್ತಿರಲಿಲ್ಲ. ಮೆತ್ತನೆಯ ಕಬ್ಬಿಣ, ಗುಂಡು ತಿಂದು ತಿಂದು ಸಿಡುಬು ಬಂದ ಮುಖವಾಗಿತ್ತು. ಆ ಕುಳಿಗೆ ಬಡಿದ ಗುಂಡಿನ ಚೂರು, ಮರೆತ ಛತ್ರಿಗೆ ಮನೆಗೆ ಬಂದವನಂತೆ, ಬಂದ ದಾರಿಯಲ್ಲೇ ವಾಪಸಾಯಿತು.

ನೆಬ್ರಾಸ್ಕಾದ ಆ ಸಣ್ಣ ಊರಿನ ಶೂಟಿಂಗ್ ಕ್ಲಬ್ಬು ಅವನನ್ನು ವರ್ಷಪೂರ್ತಿ ಹೊರಗಿಟ್ಟಿತು. ಇವತ್ತು ಪರೀಕ್ಷೆ. ಪಂದ್ಯದ ಗುರಿಗಳನ್ನು ನಿಲ್ಲಿಸಿ, ಎಲ್ಲರಿಂದ ಸುರಕ್ಷಿತವಾಗಿ ಹೊಡೆಸಿದರೆ ಕೊನೆಯಲ್ಲಿ ತಾನೂ ತಾತನ ಪಿಸ್ತೂಲಿನಿಂದ ಹೊಡೆಯಬಹುದು. ತಪ್ಪಿದರೆ ಜನ್ಮಪೂರ್ತಿ ಗೇಟಿನಾಚೆ.

ಪರೀಕ್ಷಕ ಡೆಲ್ಬರ್ಟ್, ಕ್ಲಬ್ಬಿನ ಸುರಕ್ಷತೆಯ ಯಜಮಾನ. ಆ ಹುದ್ದೆಯ ಕೆಂಪು ಜಾಕೆಟ್ ತೊಟ್ಟು, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ ಬಂದ. ಲೋವೆಲ್ ಅದನ್ನು ನೋಡಿದ. ಹೇಳಿದರೆ ಮುನಿದಾನು, ಹೇಳದಿದ್ದರೆ ಫೇಲು.

"ಡೆಲ್ಬರ್ಟ್ ಅವ್ರೆ... ಕೆಂಪು ಜಾಕೆಟ್ ಹಾಕಿದವ್ರ ಸೊಂಟದಲ್ಲಿ ಗನ್ ಇರಬಾರ್ದು. ಕ್ಲಬ್ಬಿನ ನಿಯಮ. ಅವ್ರು ಕಾಯೋರು, ಹೊಡೆಯೋರಲ್ಲ."

ಡೆಲ್ಬರ್ಟ್ ಅವನನ್ನು ಎವೆಯಿಕ್ಕದೆ ನೋಡಿ, ಪಿಸ್ತೂಲನ್ನು ತನ್ನ ಟ್ರಕ್ಕಿನಲ್ಲಿಟ್ಟು ಬೀಗ ಹಾಕಿದ. "ಸರಿ. ಇವತ್ತು ಹುಕುಂ ಎಲ್ಲಾ ನಿಂದೇ."

ಲೋವೆಲ್ ಮಣ್ಣಿನ ದಿಬ್ಬದ ಮುಂದೆ ಗಟ್ಟಿ ಉಕ್ಕಿನ ಹೊಸ ತಟ್ಟೆಗಳನ್ನು ಸರಪಳಿಯಲ್ಲಿ ತೂಗುಹಾಕಿದ. ಪ್ರತಿಯೊಂದನ್ನೂ ತುಸು ಮುಂದಕ್ಕೆ ಬಾಗಿಸಿದ. ಬೆನ್ನು ತಿರುಗಿಸಿದ್ದೇ ತಡ, ವರ್ನಮ್ಮ ಒಂದನ್ನು ನೆಟ್ಟಗೆ ಮಾಡುತ್ತಿದ್ದಳು.

"ಏನೋ ಇದು, ಪರೀಕ್ಷೆ ಫೇಲಾದ ಮಕ್ಕಳ ಥರ ತಲೆ ತಗ್ಗಿಸ್ಕೊಂಡು ನಿಂತಿವೆ!"

"ತಲೆ ತಗ್ಗಿಸಿದ್ರೇ ಗುಂಡಿನ ಪುಡಿ ನೆಲಕ್ಕೆ ಬೀಳೋದು, ವರ್ನಮ್ಮ. ತಲೆ ಎತ್ತಿದ್ರೆ ನಿಮ್ ಫ್ಲಾಸ್ಕಿಗೆ."

ಆಕೆ ಫ್ಲಾಸ್ಕನ್ನು ಹಸುಗೂಸಿನಂತೆ ಅವುಚಿಕೊಂಡು ಹಿಂದೆ ಸರಿದಳು.

ಆಮೇಲೆ ಪಂದ್ಯಕ್ಕೆ ಬಂದ ಕ್ಲೀಟಸ್. ಅವನ ಗುಂಡುಗಳು ಲೋವೆಲ್‌ನ ತಪಾಸಣೆಯ ಅಯಸ್ಕಾಂತಕ್ಕೆ ಜಿಗಣೆಗಳಂತೆ ಕಚ್ಚಿಕೊಂಡವು.

"ಒಳಗೆ ಉಕ್ಕಿದೆ. ತಟ್ಟೇನ ತೂತು ಮಾಡುತ್ತೆ. ಆಗಲ್ಲ."

"ನಿನ್ನ ಅಯಸ್ಕಾಂತಕ್ಕೇ ತಲೆ ಕೆಟ್ಟಿರ್ಬೇಕು ಮಾರಾಯ!"

"ಬೇರೆ ತಗೊಂಡ್ ಬಾ. ಕನ್ನಡಕಾನೂ ಹಾಕ್ಕೊ. ಹಣೆ ಮೇಲಲ್ಲ, ಕಣ್ಣಿಗೆ."

ಅಂತೂ ಸಾಲು ಸಿದ್ಧವಾಯಿತು. ಕಿವಿಗಳಿಗೆ ಮುಚ್ಚಳ, ಕೈಯಲ್ಲಿ ಪಿಸ್ತೂಲು. ಶುರುಮಾಡಲು ಕೈಯೆತ್ತಿದ ಲೋವೆಲ್ ವಾಡಿಕೆಯಂತೆ ಹಿಂದಿನ ಕುರ್ಚಿಗಳತ್ತ ಕಣ್ಣಾಡಿಸಿದ. ಒಂದರಲ್ಲಿ ಫ್ಲಾಸ್ಕು ಒಂಟಿಯಾಗಿ ಕೂತಿತ್ತು.

ವರ್ನಮ್ಮ ಎಲ್ಲಿ? ಅಷ್ಟರಲ್ಲಿ ಕೈಯೆತ್ತಿದ್ದನ್ನೇ ಅಪ್ಪಣೆಯೆಂದುಕೊಂಡ ಕ್ಲೀಟಸ್ ಗುರಿ ಹಿಡಿದ. ಕೂಗಿದರೆ ಯಾರ ಕಿವಿಗೆ ಕೇಳಬೇಕು? ಲೋವೆಲ್ ಕೊರಳಿನ ಸೀಟಿಯನ್ನು ಶ್ವಾಸಕೋಶವೇ ಹೊರಬರುವಂತೆ ಊದಿದ. ಪಿಸ್ತೂಲುಗಳು ತಗ್ಗಿದವು. ಎಲ್ಲರೂ ನೋಡುತ್ತಿದ್ದಂತೆ ಕೊನೆಯ ತಟ್ಟೆಯ ಹಿಂದಿನಿಂದ ಬಣ್ಣದ ಡಬ್ಬಿಯೊಂದು ಮೇಲೆದ್ದಿತು. ಅದರ ಹಿಂದೆ ವರ್ನಮ್ಮ.

"ಯಾಕೋ ಹಾಗೆ ಊದ್ತೀಯ? ಮೂಲೇಲಿ ಬಿಳಿ ಬಣ್ಣ ಹತ್ತಿರ್ಲಿಲ್ಲ. ನೋಡಕ್ಕೆ ಚೆನ್ನಾಗಿರ್ಬೇಡ್ವ?"

ಆಕೆ ಕುರ್ಚಿಗೆ ಮರಳುವವರೆಗೆ ಎಲ್ಲರ ಕಣ್ಣೂ ಆಕೆಯ ಮೇಲೆ. ಡೆಲ್ಬರ್ಟ್ ಮಾತ್ರ ಲೋವೆಲ್‌ನನ್ನೇ ನೋಡುತ್ತಿದ್ದ, ಹೆಣ್ಣಿನ ಅಪ್ಪ ವರನನ್ನು ನೋಡುವಂತೆ.

ಪಂದ್ಯ ನಡೆಯಿತು. ಠಣ್, ಠಣ್. ಒಂದು ಚೂರೂ ಹಿಂದಕ್ಕೆ ಬರಲಿಲ್ಲ. ಎಲ್ಲರದೂ ಮುಗಿದು ಲೋವೆಲ್‌ನ ಸರದಿ. ತಾತನ ಪಿಸ್ತೂಲಿನ ಪೆಟ್ಟಿಗೆ ಬಿಚ್ಚಲು ಹೊರಟ.

"ಪಾಸು ಕಣಯ್ಯ!" ಡೆಲ್ಬರ್ಟ್ ಅವನನ್ನು ಬಾಚಿ ತಬ್ಬಿಕೊಂಡ. ಬಿಡಿಸಿಕೊಳ್ಳುವಷ್ಟರಲ್ಲಿ ಕೆಂಪು ಜಾಕೆಟ್ ಲೋವೆಲ್‌ನ ಮೈಮೇಲಿತ್ತು. "ಯಜಮಾನನ್ನೂ ಬಿಡದವನು ಬೇಕಿತ್ತು ನನಗೆ. ಎಷ್ಟ್ ವರ್ಷದಿಂದ ಹುಡುಕ್ತಿದ್ದೆ ಗೊತ್ತಾ! ಇನ್ಮೇಲೆ ಇದು ನಿಂದು."

"ಅಯ್ಯೋ, ಆದ್ರೆ ನನ್ನ ಸರದಿ..."

"ಕೆಂಪು ಜಾಕೆಟ್ ಹಾಕಿದವ್ರ ಸೊಂಟದಲ್ಲಿ ಗನ್ ಇರಬಾರ್ದು. ಬೆಳಿಗ್ಗೆ ನೀನೇ ಹೇಳಿದ್ದಲ್ವೇನಯ್ಯ?"

ಮೇಜು ಬಡಿದು ಎಲ್ಲರೂ ಒಪ್ಪಿಗೆ ಕೊಟ್ಟರು. ಕ್ಲೀಟಸ್ ಎರಡೂ ಕೈಯಿಂದ ಬಡಿದ. ಡೆಲ್ಬರ್ಟ್ ಆಗಲೇ ಶಾಲೆ ಬಿಟ್ಟ ಹುಡುಗನಂತೆ ಟ್ರಕ್ಕಿನತ್ತ ಓಡುತ್ತಿದ್ದ. ಪಿಸ್ತೂಲು ತಂದು ಸಾಲಿನಲ್ಲಿ ನಿಂತ.

ಲೋವೆಲ್ ತಾತನ ಪೆಟ್ಟಿಗೆಯನ್ನು ಮುಚ್ಚಿದ. ಎದುರಿಗೆ ತಟ್ಟೆಗಳು ತಲೆ ತಗ್ಗಿಸಿ ನಿಂತಿದ್ದವು. ತಾನೂ ತಗ್ಗಿಸಬೇಕೆನ್ನುವಷ್ಟರಲ್ಲಿ ಅವನ ಕಣ್ಣಿಗೆ ಏನೋ ಬಿತ್ತು.

"ಡೆಲ್ಬರ್ಟ್ ಅವ್ರೆ," ಎಂದ ನಿಟ್ಟುಸಿರುಬಿಟ್ಟು, "ಕನ್ನಡಕ. ಹಣೆ ಮೇಲಲ್ಲ."