ಏರಿನಲ್ಲಿ ನಿಲ್ಲದ ಗಾಡಿ

ನಿಧಾನಣ್ಣನ ಕಷ್ಟ ಶುರುವಾದದ್ದು ಗಾಡಿ ಕೆಟ್ಟದ್ದರಿಂದಲ್ಲ, ರಿಪೇರಿಯಾದದ್ದರಿಂದ.

ಅವನು ಪುರಸಭೆಯ ಶವವಾಹನದ ಚಾಲಕ. ಇಪ್ಪತ್ತೆರಡು ವರ್ಷಗಳಲ್ಲಿ ಹಿಂದೆ ಮಲಗಿದವರು ಒಬ್ಬರೂ ಅವನ ಮೇಲೆ ದೂರು ಕೊಟ್ಟಿರಲಿಲ್ಲ. ದೂರೆಲ್ಲ ಬದುಕಿದ್ದವರದೇ. ಸ್ಮಶಾನವಿದ್ದದ್ದು ಗುಡ್ಡದ ಮೇಲೆ. ಗಾಡಿ ಅರ್ಧ ಏರು ಹತ್ತಿ, ಹಳದಿ ಮೈಲಿಗಲ್ಲಿನ ಹತ್ತಿರ ಉಸ್ಸೆಂದು ನಿಂತುಬಿಡುತ್ತಿತ್ತು. ಅಳುತ್ತ ಬಂದವರೆಲ್ಲ ಕಣ್ಣೊರೆಸಿಕೊಂಡು, ತೋಳು ಮಡಿಸಿ, "ಹ್ಞೂಂ, ಇನ್ನೊಂದು ಸಲ" ಎಂದು ತಳ್ಳಬೇಕಾಗಿತ್ತು.

ಪುರಸಭೆಯ ಸಾಹೇಬರು ಹೋದ ವಾರ ಅವನನ್ನು ಕರೆದು ಕಡ್ಡಿ ಮುರಿದಂತೆ ಹೇಳಿದ್ದರು. "ನೋಡಿ, ಇನ್ನೊಂದೇ ಒಂದು ಸಲ ಜನರ ಕೈಯಲ್ಲಿ ಗಾಡಿ ತಳ್ಳಿಸಿದರೆ ನೀವು ಪಾಯಿಖಾನೆ ಗುಂಡಿ ಖಾಲಿ ಮಾಡೋ ಟ್ಯಾಂಕರಿಗೆ ಹೋಗ್ತೀರಿ."

ನಿಧಾನಣ್ಣ ಆ ರಾತ್ರಿ ಊಟವನ್ನೇ ಮಾಡಲಿಲ್ಲ. ಅವನಿಗೆ ತನ್ನ ಗಾಡಿಯ ಮೇಲೆ ಪ್ರೀತಿಯಿತ್ತು. ಎಂಥ ದೊಡ್ಡ ಮನುಷ್ಯನ ಕಾರೂ ಅದಕ್ಕೆ ದಾರಿ ಬಿಡುತ್ತಿತ್ತು. ಬಾಯಿಬಡುಕರೂ ಅದನ್ನು ಕಂಡರೆ ಅರೆಗಳಿಗೆ ಸುಮ್ಮನಾಗುತ್ತಿದ್ದರು. ಟ್ಯಾಂಕರನ್ನು ಕಂಡರೂ ಜನ ದಾರಿ ಬಿಡುತ್ತಾರೆ, ನಿಜ. ಆದರೆ ಆ ಬಿಡುವುದೇ ಬೇರೆ. ಹೆಂಡತಿಯಂತೂ ಆಗಲೇ ತೀರ್ಪು ಕೊಟ್ಟಾಗಿತ್ತು: "ಟ್ಯಾಂಕರ್ ಹತ್ತಿದ ದಿನದಿಂದ ನಿಮ್ಮ ಹಾಸಿಗೆ ವರಾಂಡದಲ್ಲಿ."

ಕೊನೆಗೆ ಕೈ ಹಿಡಿದವನು ಹೆಂಡತಿಯ ತಮ್ಮ. ಗ್ಯಾರೇಜಿನವನು. ಗುಜರಿಗೆ ಬಂದಿದ್ದ ಮಿನಿಬಸ್ಸೊಂದರಿಂದ ಬಸವನಹುಳುವಿನಂತೆ ಸುರುಳಿಯಾಗಿದ್ದ ಕಬ್ಬಿಣದ ಗಂಟೊಂದನ್ನು ಬಿಚ್ಚಿ, ಮೂರು ದಿನ ಗಾಡಿಯ ಕೆಳಗೆ ಮಲಗಿ ಅದನ್ನು ಕೂರಿಸಿದ. ಆ ದಿನ ಬೆಳಿಗ್ಗೆ ಕೈ ಒರೆಸಿಕೊಳ್ಳುತ್ತ ವಿವರಿಸಿದ.

"ಇದು ಟರ್ಬೊ, ಭಾವ. ಎಂಜಿನ್ನು ಹೊರಗೆ ಉಗುಳೋ ಹೊಗೆ ಸುಮ್ನೆ ದಂಡ ಆಗ್ತಿತ್ತಲ್ಲ? ಈಗ ಅದೇ ಹೊಗೆಯ ರಭಸಕ್ಕೆ ಇಲ್ಲೊಂದು ಚಕ್ರ ತಿರುಗುತ್ತೆ. ಅದೇ ಸರಳಿನ ಆ ತುದಿಗೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳೀನ ಎಳೆದು ಎಂಜಿನ್ನಿಗೆ ತುರುಕುತ್ತೆ. ಗಾಳಿ ಜಾಸ್ತಿ ಆದ್ರೆ ಡೀಸೆಲ್ಲೂ ಜಾಸ್ತಿ ಉರಿಯುತ್ತೆ. ಒಲೆಗೆ ಊದಿದ ಹಾಗೆ."

"ಅಂದ್ರೆ, ಬಿಟ್ಟ ಉಸಿರೇ ಮತ್ತೆ ಬಲ ಆಗುತ್ತೆ ಅಂತೀಯಾ?"

"ಅಷ್ಟೇ. ನಿಮ್ಮ ನಿಟ್ಟುಸಿರಿಗೆಲ್ಲ ಇಂಥದ್ದೊಂದು ಕೂರಿಸಿದ್ದರೆ ಇಷ್ಟು ಹೊತ್ತಿಗೆ ನೀವು ಸಾಹೇಬರಾಗಿರ್ತಿದ್ರಿ. ಎರಡು ಮಾತು ನೆನಪಿಡಿ. ಒತ್ತಿದ ತಕ್ಷಣ ಬಲ ಬರಲ್ಲ, ಒಂದು ಗಳಿಗೆ ಕಾಯ್ಬೇಕು. ಆಮೇಲೆ, ಏರು ಹತ್ತಿದ ಮೇಲೆ ತಟ್ಟನೆ ಎಂಜಿನ್ ಆಫ್ ಮಾಡ್ಬೇಡಿ. ಎರಡು ನಿಮಿಷ ಸುಮ್ನೆ ಓಡಲಿ. ಆ ಚಕ್ರ ಕೆಂಡ ಆಗಿರುತ್ತೆ. ಆಯಿಲ್ ನಿಂತ್ರೆ ಹಾಗೇ ಬೆಂದು ಕಚ್ಚಿಕೊಳ್ಳುತ್ತೆ. ಹಳೇದು ಬೇರೆ."

ಪುರಸಭೆಯ ಉಗ್ರಾಣದವನು ಕತ್ತು ಚಾಚಿ ನೋಡಿ, "ಅಲ್ಲಯ್ಯ, ಹೆಣಕ್ಕೆ ಯಾಕೆ ಇಷ್ಟು ಅವಸರ?" ಎಂದ.

ಅಂದಿನ ಸವಾರಿ ನಿವೃತ್ತ ಸರ್ವೇಯರರದು. ಊರಿನವರ ಜಮೀನನ್ನೆಲ್ಲ ಸರಪಳಿ ಹಿಡಿದು ಅಳೆದುಕೊಟ್ಟ ಮನುಷ್ಯ, ತಮ್ಮ ಸ್ವಂತ ಹಿತ್ತಲಿನ ಒಂದು ಗೋಡೆಯ ಜಗಳ ತೀರಿಸಲಾರದೆ ಕಣ್ಣು ಮುಚ್ಚಿದ್ದರು. ಮಕ್ಕಳಿಬ್ಬರೂ ಎಣ್ಣೆ ಸೀಗೇಕಾಯಿ. ದೊಡ್ಡವನು ಕಟ್ಟಿದ ಗೋಡೆ ತನ್ನ ಕಡೆಗೆ ಒಂದು ಗೇಣು ಬಂದಿದೆಯೆಂದು ಚಿಕ್ಕವನು ಆರು ವರ್ಷದಿಂದ ಮಾತು ಬಿಟ್ಟಿದ್ದ. ಅಪ್ಪನ ದೇಹವನ್ನು ಗಾಡಿಗೆ ಏರಿಸುವಾಗಲೂ ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ ಹಿಡಿದರು. ಆಮೇಲೆ ಗಾಡಿಯಲ್ಲಿ ಒಟ್ಟಿಗೆ ಕೂರಲು ಒಪ್ಪದೆ ತಂತಮ್ಮ ಕಾರು ಹತ್ತಿದರು.

ಸರ್ವೇಯರರ ಹೆಂಡತಿ ಮಾತ್ರ ನಿಧಾನಣ್ಣನ ಪಕ್ಕದ ಸೀಟಿಗೆ ಬಂದರು. ಬಾಗಿಲು ಹಿಡಿದು ಹತ್ತುವಾಗಲೇ ಕೇಳಿದರು: "ಇದು ಅದೇ ಹಳೇ ಗಾಡಿನೇ ತಾನೇನಪ್ಪ? ಏರಿನಲ್ಲಿ ನಿಲ್ಲೋದು?"

ನಿಧಾನಣ್ಣನಿಗೆ ನಾಚಿಕೆಯಾಯಿತು. "ಅದೇ ಅಮ್ಮ, ಆದ್ರೆ ಭಯ ಬೇಡ. ಇವತ್ತು ನಿಲ್ಲಲ್ಲ. ಟರ್ಬೊ ಹಾಕ್ಸಿದ್ದೀನಿ."

"ಹೌದಾ..." ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಪಾಪ, ನೆಮ್ಮದಿಯಾಯಿತು ಅವರಿಗೆ, ಎಂದುಕೊಂಡ ನಿಧಾನಣ್ಣ.

ಏರು ಬಂತು. ಅವನು ಒತ್ತಿದ. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದ. ಗಾಡಿ ಎಂದಿನಂತೆ ಗೊರಗೊರ ಎಂದಿತು. ಇನ್ನೇನು ಟ್ಯಾಂಕರೇ ಗತಿ ಎನ್ನುವಷ್ಟರಲ್ಲಿ ಎಲ್ಲಿಂದಲೋ ಸಣ್ಣದೊಂದು ಸಿಳ್ಳೆ ಎದ್ದು, ಬೆನ್ನಿಗೆ ಯಾರೋ ಗುದ್ದಿದಂತೆ ಗಾಡಿ ಮುಂದಕ್ಕೆ ಚಿಮ್ಮಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನಿಧಾನಣ್ಣ ಒಂದು ಸೈಕಲ್ಲನ್ನು ಹಿಂದೆ ಹಾಕಿದ. ಆಮೇಲೆ ಒಂದು ಸ್ಕೂಟರನ್ನು. ಕನ್ನಡಿಯಲ್ಲಿ ಮಕ್ಕಳ ಕಾರುಗಳೆರಡೂ ಚಿಕ್ಕವಾಗುತ್ತ ಹೋದವು. ಅವು ಬರುವಷ್ಟರಲ್ಲಿ ಹಳದಿ ಮೈಲಿಗಲ್ಲು ಸರ್ರನೆ ಹಿಂದೆ ಸರಿದಾಗಿತ್ತು.

"ಇಲ್ಲೇ ಅಲ್ವೇನಪ್ಪ ನಿಲ್ತಿದ್ದದ್ದು?"

"ಇಲ್ಲೇ ಅಮ್ಮ! ನೋಡಿದ್ರಾ ಹೇಗೆ ಬಂತು!"

ತಿರುಗಿ ನೋಡಿದರೆ ಆಕೆ ಅಳುತ್ತಿದ್ದರು. ಮನೆಯಲ್ಲಿ ಅಷ್ಟು ಹೊತ್ತೂ ಅಳದಿದ್ದ ಹೆಂಗಸು.

"ಏನಾಯ್ತಮ್ಮ?"

"ಏನಿಲ್ಲಪ್ಪ. ಮೂರು ವರ್ಷದ ಹಿಂದೆ ನಮ್ಮತ್ತೆ ಹೋದಾಗ ನೀನೇ ಬಂದಿದ್ದೆ. ನಮ್ಮವರಿಗೂ ನಮ್ಮ ಮೈದುನನಿಗೂ ಹತ್ತು ವರ್ಷದಿಂದ ಮಾತಿರಲಿಲ್ಲ. ಆ ಕಲ್ಲಿನ ಹತ್ತಿರ ನಿನ್ನ ಗಾಡಿ ನಿಂತಿತು. ಇಬ್ಬರೂ ಅಕ್ಕಪಕ್ಕ ಹೆಗಲು ಕೊಟ್ಟು ತಳ್ಳಿದ್ರು. ತಳ್ಳುವಾಗ ಮಾತಾಡದೆ ಆಗಲ್ವಲ್ಲ. 'ನಿಂಗೆ ಏದುಸಿರು ಬರ್ತಿದೆ, ಬಿಡೋ' ಅಂದ್ರು ಇವರು. ಅಷ್ಟೇ. ಬರೋವಾಗ ಒಟ್ಟಿಗೆ ಬಂದ್ರು. ಸಾಯೋ ಮುಂಚೆ ಇವರು ನಂಗೆ ಹೇಳಿದ್ದೂ ಅದನ್ನೇ. 'ನಾನು ಹೇಳಿದ್ದು ಹುಡುಗರು ಕೇಳಲಿಲ್ಲ. ಆ ಗಾಡಿನಾದ್ರೂ ಹೇಳುತ್ತೋ ನೋಡೋಣ' ಅಂದ್ರು."

ಜನ ಶಾಪ ಹಾಕುತ್ತ ತಳ್ಳುತ್ತಾರೆಂದೇ ನಿಧಾನಣ್ಣ ಇಷ್ಟು ವರ್ಷ ತಲೆ ತಗ್ಗಿಸಿ ಕೂತಿದ್ದ. ಹಿಂದೆ ಯಾರ ಹೆಗಲಿಗೆ ಯಾರ ಹೆಗಲು ತಾಗಿತು ಎಂದು ಒಮ್ಮೆಯೂ ಕನ್ನಡಿಯಲ್ಲಿ ನೋಡಿರಲಿಲ್ಲ.

ಅಷ್ಟರಲ್ಲಿ ಗುಡ್ಡದ ತುದಿ ಬಂದಿತ್ತು. ಸ್ಮಶಾನದ ಗೇಟಿನ ಬಳಿ ಸಾಹೇಬರೇ ನಿಂತಿದ್ದರು. ಸರ್ವೇಯರರು ಅವರ ಕಚೇರಿಯಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಗಾಡಿ ನಿಂತದ್ದೇ ತಡ, ಕಿಟಕಿಯೊಳಗೆ ಕೈ ತೂರಿಸಿ ನಿಧಾನಣ್ಣನ ಭುಜ ತಟ್ಟಿದರು.

"ಶಹಬ್ಬಾಸ್! ಟ್ಯಾಂಕರಿನ ಮಾತು ಮರೆತುಬಿಡಿ. ಒಳಗೆ ನಡೀರಿ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ನಿಧಾನಣ್ಣನಿಗೆ ಆ ಸಾವಿರ ವರ್ಷ ಅಂಗೈಯಲ್ಲೇ ಇತ್ತು. ಗೇಟಿನಿಂದ ಒಳಗೆ ಇನ್ನೂರು ಹೆಜ್ಜೆ, ಸಮತಟ್ಟು ದಾರಿ. ಕನ್ನಡಿಯಲ್ಲಿ ನೋಡಿದ. ಕಾರುಗಳು ಬಂದು ನಿಂತಿದ್ದವು. ಅಣ್ಣ ರಸ್ತೆಯ ಈ ಬದಿ ನಿಂತು ಗುಡ್ಡ ನೋಡುತ್ತಿದ್ದ, ತಮ್ಮ ಆ ಬದಿ ನಿಂತು ಕಣಿವೆ ನೋಡುತ್ತಿದ್ದ. ಎರಡು ನಿಮಿಷ ಎಂಜಿನ್ ಆಫ್ ಮಾಡಬೇಡಿ ಎಂದಿದ್ದ ಭಾವಮೈದನ ಮಾತು ನೆನಪಾಯಿತು. ಪಕ್ಕದಲ್ಲಿ ಸೆರಗಿನ ತುದಿ ಒದ್ದೆಯಾಗಿತ್ತು.

ಅವನು ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

"ಗಾಡಿ ಕೆಟ್ಟೋಯ್ತು," ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಮಕ್ಕಳಿಬ್ರೂ ಬನ್ನಿ. ತಳ್ಬೇಕು. ಬೇರೆ ಯಾರೂ ಬೇಡ, ಇಬ್ಬರೇ ಸಾಕು!"

ಸಾಹೇಬರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ಏರಿನಲ್ಲಿ ನಿಲ್ಲೋ ಗಾಡಿ ನೋಡಿದ್ದೆ. ಏರು ಹತ್ತಿ, ಸಮತಟ್ಟಿನಲ್ಲಿ ನಿಲ್ಲೋ ಗಾಡಿ ಇದೇ ಮೊದಲು ಕಣ್ರೀ!"

ಅಣ್ಣತಮ್ಮಂದಿರು ಒಂದೊಂದು ಮೂಲೆ ಹಿಡಿದರು. ಗಾಡಿ ಕದಲಲಿಲ್ಲ. ನಿಧಾನಣ್ಣ ಕಾಲನ್ನು ಬ್ರೇಕಿನ ಮೇಲೆ ಲಘುವಾಗಿ ಇಟ್ಟಿದ್ದ. ಮೂಲೆ ಬಿಟ್ಟು ಇಬ್ಬರೂ ನಡುವಿಗೆ ಬರಬೇಕಾಯಿತು.

"ಈ ಕಡೆ ಒತ್ತೋ," ಎಂದ ಅಣ್ಣ. ಆರು ವರ್ಷದ ಮೇಲಿನ ಮೊದಲ ಮಾತು.

"ಒತ್ತುತಾನೇ ಇದ್ದೀನಿ. ನಿನ್ನ ಸೊಂಟ ನೋಡ್ಕೋ."

ನಿಧಾನಣ್ಣ ಬ್ರೇಕಿನಿಂದ ಕಾಲು ತೆಗೆದ. ಅಮ್ಮ ಅವನ ಕಾಲನ್ನೂ ನೋಡಿದರು, ಮುಖವನ್ನೂ ನೋಡಿದರು. ಹಿಂತಿರುಗುವಾಗ ಮಕ್ಕಳಿಬ್ಬರೂ ಅಮ್ಮನನ್ನು ಕೂರಿಸಿಕೊಂಡು ಒಂದೇ ಕಾರಿನಲ್ಲಿ ಹೋದರು. ಇನ್ನೊಂದು ಕಾರು ಗೇಟಿನ ಬಳಿಯೇ ಉಳಿಯಿತು.

ಎಲ್ಲರೂ ಹೋದ ಮೇಲೆ ನಿಧಾನಣ್ಣ ಕೀಲಿ ತಿರುಗಿಸಿದ. ಎಂಜಿನ್ನೇನೋ ಎದ್ದಿತು. ಸಿಳ್ಳೆ ಏಳಲಿಲ್ಲ. ಹಿಂದಿನಿಂದ ಕಾಡಿಗೆಯಂಥ ಹೊಗೆ ಬಂತು. ಟರ್ಬೊ ಬೆಂದು ಕಚ್ಚಿಕೊಂಡಿತ್ತು. ಹೇಳಿದ ಸುಳ್ಳು ಅಷ್ಟರೊಳಗೆ ನಿಜವಾಗಿತ್ತು.

ಮಧ್ಯಾಹ್ನ ಎರಡಕ್ಕೆ ಟ್ಯಾಂಕರಿಗೆ ಹೋಗುವ ಆದೇಶ ಬಂತು. ಭಾವಮೈದ ಓಡಿ ಬಂದು, ಸತ್ತ ಟರ್ಬೊವನ್ನು ಮುಟ್ಟಿ ನೋಡಿ, "ಎರಡೇ ನಿಮಿಷ ಅಂದಿದ್ನಲ್ಲ ಭಾವ!" ಎಂದು ತಲೆ ಚಚ್ಚಿಕೊಂಡ. ಆಮೇಲೆ ಟ್ಯಾಂಕರಿನ ಬಾನೆಟ್ ಎತ್ತಿದವನೇ ಸಮಾಧಾನ ಹೇಳಿದ: "ಇದಕ್ಕೆ ಕಂಪನಿಯವರೇ ಟರ್ಬೊ ಕೊಟ್ಟಿದ್ದಾರೆ. ಎಂಥ ಏರಿನಲ್ಲೂ ನಿಲ್ಲಲ್ಲ."

ನಿಂತರೂ ಇದನ್ನು ತಳ್ಳಲು ಯಾರು ಬರುತ್ತಾರೆ, ಎಂದುಕೊಂಡ ನಿಧಾನಣ್ಣ. ಆದರೂ ಮನಸ್ಸು ಹಗುರವಾಗಿತ್ತು. ವರಾಂಡದಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆ ಐದಕ್ಕೆ ಟ್ಯಾಂಕರಿಗೆ ಮೊದಲ ಕರೆ ಬಂತು. ತೀರಾ ತುರ್ತು. ವಿಳಾಸ ನೋಡಿದರೆ ಸರ್ವೇಯರರ ಮನೆ. ಅಪ್ಪನ ಆತ್ಮಕ್ಕೆ ಶಾಂತಿ ಸಿಗಲೆಂದು ಅಣ್ಣತಮ್ಮಂದಿರು ಅಂದೇ ಸಂಜೆ ಹಾರೆ ಹಿಡಿದು, ಹೆಗಲಿಗೆ ಹೆಗಲು ಕೊಟ್ಟು ಹಿತ್ತಲಿನ ಗೋಡೆಯನ್ನು ತಳ್ಳಿ ಬೀಳಿಸಿದ್ದರು. ಗೋಡೆ ನೇರವಾಗಿ ಪಾಯಿಖಾನೆ ಗುಂಡಿಯ ಚಪ್ಪಡಿಯ ಮೇಲೆಯೇ ಬಿದ್ದಿತ್ತು.

ಇಬ್ಬರೂ ಒಂದೇ ಟವೆಲಿನ ಎರಡು ತುದಿಯಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಚಾಲಕ ಯಾರೆಂದು ಇಬ್ಬರಿಗೂ ಗುರುತು ಹತ್ತಿದಂತೆ ಕಾಣಲಿಲ್ಲ.

"ಸ್ವಲ್ಪ ಬೇಗ ಬೇಗ ಮಾಡಪ್ಪ," ಎಂದ ದೊಡ್ಡವನು.

"ಅಣ್ಣ ಹೇಳಿದ್ದು ಕೇಳಿಸ್ತೋ ಇಲ್ವೋ?" ಎಂದು ಗದರಿದ ಚಿಕ್ಕವನು.